ನಾಲ್ವರ ಸಂಸಾರಕ್ಕೆ ಹಳೆಯ ಟ್ವಿನ್ ವಿಮಾನ: ಬ್ಯಾರನ್, ಸೆನೆಕಾ, ಟ್ವಿನ್ ಕಮಾಂಚಿ... ಯಾವುದು ಕೊಳ್ಳಲಿ?

ಪ್ಲೇನೋವಾಸಿ

ಎಲ್ಲರಿಗೂ ನಮಸ್ಕಾರ. ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ನಮ್ಮ ವಾಸ. ಪ್ರೈವೇಟ್ ಲೈಸೆನ್ಸ್, ಇನ್‌ಸ್ಟ್ರುಮೆಂಟ್ ರೇಟಿಂಗ್ (ಮೋಡದೊಳಗೆ ಉಪಕರಣ ನೋಡಿ ಹಾರಿಸುವ ಅನುಮತಿ) ಎರಡೂ ಇವೆ. ಇಷ್ಟು ವರ್ಷ ಗೆಳೆಯರ ಜೊತೆ ಪಾಲಿನಲ್ಲಿ ಒಂದೇ ಇಂಜಿನ್‌ನ ಒಂದು ಸೆಸ್ನಾ 182 ಓಡಿಸಿದ್ದೇನೆ. ತಂಗಿಯ ಮನೆ ಡೆನ್ವರ್‌ನಲ್ಲಿದೆ, ಹಾಗಾಗಿ ಅಲ್ಲಿಗೆ ಹೋಗಿ ಬರುವುದು ಜಾಸ್ತಿ. ಆಗಾಗ ಹ್ಯೂಸ್ಟನ್, ಆಲ್ಬುಕರ್ಕಿ. ನಾನು, ಹೆಂಡತಿ, ಇಬ್ಬರು ಮಕ್ಕಳು. ಹಾಸನದಿಂದ ಅಪ್ಪ ಅಮ್ಮ ಬಂದಾಗ ಆರು ಜನ.

ರಾತ್ರಿ ಹೊತ್ತು, ಇಲ್ಲವೇ ಕೆಳಗೆ ಮೋಡ ತುಂಬಿದಾಗ, ಒಂದೇ ಇಂಜಿನ್ ನಂಬಿ ಮಕ್ಕಳನ್ನು ಕೂರಿಸಿಕೊಂಡು ಹೋಗುವುದಕ್ಕೆ ನನಗೂ ಮನೆಯವಳಿಗೂ ಮನಸ್ಸು ಒಪ್ಪುತ್ತಿಲ್ಲ. ಹಾಗಾಗಿ ಪಿಸ್ಟನ್ ಟ್ವಿನ್, ಅಂದರೆ ಎರಡು ಇಂಜಿನ್‌ನ ವಿಮಾನ, ನೋಡುತ್ತಿದ್ದೇನೆ. ಹೊಸದು ಕೈಗೆಟುಕುವುದಿಲ್ಲ. ಬೀಚ್ ಬ್ಯಾರನ್ ಬಿ55 ನನ್ನ ಕಣ್ಣಿಗೆ ಬಿದ್ದಿದೆ. ನೋಡಲು ಚೆಂದ, ಓಟವೂ ಜೋರು. ಪೈಪರ್ ಸೆನೆಕಾ 2, ಟ್ವಿನ್ ಕಮಾಂಚಿ, ಸೆಸ್ನಾ 310 ಇವೂ ಪಟ್ಟಿಯಲ್ಲಿವೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಸ್ಪ್ಯಾನರ್ ಕೈ

ನಾನು ವಿಮಾನ ಮೆಕ್ಯಾನಿಕ್. ಟೆಕ್ಸಾಸ್‌ನಲ್ಲೇ ಕೆಲಸ, ವರ್ಷಕ್ಕೊಮ್ಮೆಯ ಆನ್ಯುಯಲ್ ತಪಾಸಣೆಗೆ ಸಹಿ ಹಾಕುವ ಅಧಿಕಾರವೂ ಇದೆ. ಸರ್, ಮಾಡೆಲ್ ಹೆಸರು ಆಮೇಲೆ ನೋಡೋಣ. ಮೊದಲು ಎರಡು ವಿಷಯ ಹೇಳಿ. ಜನ ಮತ್ತು ಲಗೇಜ್ ಸೇರಿ ಎಷ್ಟು ಪೌಂಡ್? ಕೊಳ್ಳುವ ಹಣ ಬಿಟ್ಟು ವರ್ಷಕ್ಕೆ ಎಷ್ಟು ಖರ್ಚು ಮಾಡಬಲ್ಲಿರಿ?

ಎರಡನೆಯದೇ ಮುಖ್ಯ. ಹಳೆಯ ಟ್ವಿನ್‌ಗಳು ಅಗ್ಗಕ್ಕೆ ಸಿಗುವುದಕ್ಕೆ ಕಾರಣ ಇದೆ. ಬೆಲೆ ಇಳಿದಿದ್ದರೂ ಸಾಕುವ ಖರ್ಚು ಇಳಿದಿಲ್ಲ. ಎರಡು ಇಂಜಿನ್, ಎರಡು ಪ್ರೊಪೆಲರ್, ಎರಡು ಗವರ್ನರ್, ನಾಲ್ಕು ಮ್ಯಾಗ್ನೆಟೊ. ಜೊತೆಗೆ ಪೆಟ್ರೋಲ್ ಉರಿಸುವ ಹೀಟರ್ ಬೇರೆ. ದೊಡ್ಡ ಕಾಂಟಿನೆಂಟಲ್ ಇಂಜಿನ್ ಒಂದರ ಓವರ್‌ಹಾಲ್‌ಗೆ (ಪೂರ್ತಿ ಬಿಚ್ಚಿ ಸರಿಮಾಡಿ ಜೋಡಿಸುವುದಕ್ಕೆ) ಈಗ 50 ಸಾವಿರ ಡಾಲರ್ ಸುಲಭವಾಗಿ ದಾಟುತ್ತದೆ. ನಿಮಗೆ ಅದು ಎರಡು ಸಲ. ವಿಮಾನಕ್ಕೆ ಕೊಡುವಷ್ಟೇ ಹಣ ಬ್ಯಾಂಕಿನಲ್ಲೂ ಇರಬೇಕು ಅನ್ನುವುದು ನನ್ನ ಲೆಕ್ಕ.

ಪ್ಲೇನೋವಾಸಿ

ನಾಲ್ವರು ಸೇರಿ 510 ಪೌಂಡ್, ಲಗೇಜ್ 100. ಅಪ್ಪ ಅಮ್ಮನನ್ನೂ ಸೇರಿಸಿದರೆ ಒಟ್ಟು 910. ಖರ್ಚಿನ ವಿಷಯದಲ್ಲಿ ನೀವು ಹೇಳಿದಂತೆಯೇ ಇಟ್ಟುಕೊಂಡಿದ್ದೇನೆ. ಒಂದು ಇಂಜಿನ್ ಓವರ್‌ಹಾಲ್‌ಗೆ ಸಾಕಾಗುವಷ್ಟು ಬೇರೆಯೇ ತೆಗೆದಿಟ್ಟಿದ್ದೇನೆ.

ಒಂದೇ ಸಾಕು

ಸರ್, ಬೇಡ ಅಂತ ಹೇಳುವವನು ನಾನೇ ಆಗಲಿ. ಎರಡು ಇಂಜಿನ್ ಇದ್ದರೆ ಕೈಕೊಡುವ ಸಾಧ್ಯತೆಯೂ ಎರಡು ಪಟ್ಟು. ಅಭ್ಯಾಸ ತಪ್ಪಿದ ಪೈಲಟ್ ಕೈಯಲ್ಲಿ ಟ್ವಿನ್ ಸಿಂಗಲ್‌ಗಿಂತ ಅಪಾಯ. ಟೇಕ್‌ಆಫ್ ಆದ ಕೂಡಲೇ ಒಂದು ಇಂಜಿನ್ ನಿಂತರೆ ಸಿಂಗಲ್‌ನಲ್ಲಿ ದಾರಿ ಒಂದೇ: ಮೂಗು ಇಳಿಸಿ, ಎದುರಿಗೆ ಸಿಕ್ಕ ಬಯಲಲ್ಲಿ ಇಳಿಯುವುದು. ಟ್ವಿನ್‌ನಲ್ಲಿ ಇನ್ನೂ ಹಾರಬಹುದು ಅನ್ನುವ ಆಸೆ ಇರುತ್ತದೆ. ಆ ಆಸೆಯಲ್ಲಿ ವೇಗ ಕಳೆದುಕೊಂಡು ಮಗುಚಿ ಬಿದ್ದವರು ಎಷ್ಟೋ ಜನ.

ಬೊನಾಂಜಾ ಎ36 ನೋಡಿ. ಸಿರಸ್ ಎಸ್‌ಆರ್22 ನೋಡಿ, ಅದರಲ್ಲಿ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚ್ಯೂಟ್ ಇದೆ. ಅರ್ಧ ಇಂಧನದಲ್ಲಿ ಹೆಚ್ಚುಕಡಿಮೆ ಅದೇ ವೇಗ.

ನೀಲಿ ಗೆರೆ

ನಾನು ಟ್ವಿನ್ ಕಲಿಸುವ ಇನ್‌ಸ್ಟ್ರಕ್ಟರ್. "ಒಂದೇ ಸಾಕು" ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಪ್ಲೇನೋದವರ ಚಿಂತೆ ರಾತ್ರಿಯದು, ಕೆಳಗೆ ಮೋಡ ಇರುವಾಗಿನದು. ಕ್ರೂಸ್‌ನಲ್ಲಿ, ಅಂದರೆ ಎತ್ತರಕ್ಕೆ ಏರಿ ಸಮನಾಗಿ ಹೋಗುವಾಗ, ಒಂದು ಇಂಜಿನ್ ಹೋದರೆ ಟ್ವಿನ್ ನಿಜಕ್ಕೂ ಕಾಪಾಡುತ್ತದೆ. ಕರೆಂಟ್ ಕೊಡುವ ಆಲ್ಟರ್ನೇಟರ್ ಎರಡು ಇರುವುದೂ ಮೋಡದೊಳಗೆ ದೊಡ್ಡ ಬಲ. ಟೇಕ್‌ಆಫ್ ಆದ ಮೊದಲ ಒಂದೆರಡು ನಿಮಿಷ ಮಾತ್ರ ಲೆಕ್ಕ ತಿರುಗುಮುರುಗು ಆಗುತ್ತದೆ. ಆ ನಿಮಿಷಗಳ ಬಗ್ಗೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಆಯ್ಕೆ ನಿಂತಿರುವುದೇ ಅಲ್ಲಿ.

ಒಂದು ಇಂಜಿನ್ ನಿಂತರೆ ಅರ್ಧ ಬಲ ಹೋಯಿತು ಅಂತ ಹೊಸಬರು ಅಂದುಕೊಳ್ಳುತ್ತಾರೆ. ವಿಮಾನ ಮಟ್ಟವಾಗಿ ಹಾರುವುದಕ್ಕೇ ಒಂದಷ್ಟು ಬಲ ಬೇಕು. ಅದರ ಮೇಲೆ ಉಳಿದದ್ದರಲ್ಲಿ ಮಾತ್ರ ಮೇಲೇರುವುದು. ಅರ್ಧ ಬಲ ಹೋದಾಗ ಆ ಉಳಿಕೆಯೇ ಹೋಗುತ್ತದೆ. ಏರುವ ಶಕ್ತಿಯಲ್ಲಿ 80 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚು ನಷ್ಟ. ಸಮುದ್ರಮಟ್ಟದ ಹ್ಯೂಸ್ಟನ್‌ನಲ್ಲಿ ಒಂದಿಷ್ಟು ಏರಿದರೂ, ಎತ್ತರದ ಊರಿನಲ್ಲಿ ಬೇಸಿಗೆಯಲ್ಲಿ ಒಂದು ಅಡಿಯೂ ಏರದೆ ಇಳಿಯಬಹುದು.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಈ ಹಳೆಯ ವಿಮಾನಗಳು ಸರ್ಟಿಫಿಕೇಟ್ ಪಡೆದ ನಿಯಮದಲ್ಲಿ, 6,000 ಪೌಂಡ್ ಮೀರದ, ಸ್ಟಾಲ್ ವೇಗ (ಅದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಹೊರಲಾರದು) 61 ನಾಟ್, ಅಂದರೆ ಗಂಟೆಗೆ 61 ನಾಟಿಕಲ್ ಮೈಲಿ, ದಾಟದ ಟ್ವಿನ್ ಒಂದು ಇಂಜಿನ್‌ನಲ್ಲಿ ಏರಲೇಬೇಕು ಅಂತ ಕಡ್ಡಾಯ ಇರಲಿಲ್ಲ. ಏರುವುದೋ ಇಳಿಯುವುದೋ, ಎಷ್ಟು ಅಂತ ಅಳೆದು ಬರೆದರೆ ಸಾಕಿತ್ತು.

ಈಗ ನಿಮ್ಮ ಡೆನ್ವರ್‌ಗೆ ಬರೋಣ. ಖಾಸಗಿ ವಿಮಾನಗಳು ಹೆಚ್ಚು ಇಳಿಯುವ ಸೆಂಟೆನಿಯಲ್ ನಿಲ್ದಾಣ 5,885 ಅಡಿ ಎತ್ತರದಲ್ಲಿದೆ. ಜುಲೈ ಮಧ್ಯಾಹ್ನ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಡೆನ್ಸಿಟಿ ಆಲ್ಟಿಟ್ಯೂಡ್ ಸುಮಾರು 9,000 ಅಡಿ. ಅಂದರೆ ವಿಮಾನದ ಪಾಲಿಗೆ ನೀವು ನೆಲದ ಮೇಲಿದ್ದರೂ 9,000 ಅಡಿಯಲ್ಲೇ ಇದ್ದೀರಿ. ಟರ್ಬೊ (ಎತ್ತರದ ತೆಳು ಗಾಳಿಯನ್ನು ಒತ್ತಿ ಇಂಜಿನ್‌ಗೆ ತುಂಬುವ ಸಾಧನ) ಇಲ್ಲದ ಬಿ55 ಬ್ಯಾರನ್ ಪೂರ್ತಿ ತೂಕದಲ್ಲಿ ಒಂದು ಇಂಜಿನ್‌ನಲ್ಲಿ ಹಿಡಿದುಕೊಳ್ಳಬಲ್ಲ ಎತ್ತರ 7,000 ಅಡಿಗಿಂತ ಕೆಳಗೆ. ಅಲ್ಲಿ ಟೇಕ್‌ಆಫ್ ಆದ ಮೇಲೆ ಇಂಜಿನ್ ಹೋದರೆ ಬ್ಯಾರನ್ ಇಳಿಯುತ್ತಲೇ ಹೋಗುತ್ತದೆ. ಅಂಥ ದಿನ ಅದನ್ನು ಟ್ವಿನ್ ಅಂತ ಲೆಕ್ಕಕ್ಕೇ ಹಿಡಿಯಬೇಡಿ.

ಸೆನೆಕಾದಲ್ಲೂ ಎಚ್ಚರ ಬೇಕು. 1972ರ ಮೊದಲ ಸೆನೆಕಾದ್ದು ಟರ್ಬೊ ಇಲ್ಲದ 200 ಅಶ್ವಶಕ್ತಿಯ ಲೈಕಮಿಂಗ್ ಇಂಜಿನ್. ಒಂದು ಇಂಜಿನ್‌ನಲ್ಲಿ ಅದರ ಮಿತಿ 4,000 ಅಡಿಗಿಂತ ಕಡಿಮೆ. 1975ರಲ್ಲಿ ಬಂದ ಸೆನೆಕಾ 2ರಲ್ಲಿ ಟರ್ಬೊ ಕಾಂಟಿನೆಂಟಲ್, ಹಾಗಾಗಿ ಮಿತಿ 13 ಸಾವಿರ ಅಡಿಯ ಸುತ್ತ. ಹೆಸರು ಒಂದೇ, ಒಳಗಿನ ವಿಮಾನ ಬೇರೆಯೇ. ಅದರ ಎರಡು ಪ್ರೊಪೆಲರ್‌ಗಳು ಎದುರು ಬದುರು ದಿಕ್ಕಿಗೆ ತಿರುಗುತ್ತವೆ. ಹಾಗಾಗಿ ಯಾವ ಇಂಜಿನ್ ನಿಂತರೂ ಎಳೆತ ಒಂದೇ ಥರ.

ಪ್ಲೇನೋವಾಸಿ

ಇದನ್ನು ಓದಿ ಬ್ಯಾರನ್‌ನ ಪುಸ್ತಕ ತೆರೆದು ಕೂತೆ. ನೀವು ಹೇಳಿದ ಲೆಕ್ಕವೇ ಬಂತು. ಬೆಳಿಗ್ಗೆ ಬೇಗ ತಂಪಿನಲ್ಲಿ, ಕಡಿಮೆ ಇಂಧನ ತುಂಬಿ ಹೊರಟರೆ?

ನೀಲಿ ಗೆರೆ

ಆಗ ಪರವಾಗಿಲ್ಲ. ಹಾಗೆ ಮಾಡುವವರು ಬಹಳ ಜನ ಇದ್ದಾರೆ. ಪೂರ್ವಕ್ಕೆ ಹೊರಟರೆ ನೆಲವೂ ತಗ್ಗುತ್ತಾ ಹೋಗುತ್ತದೆ. ಆದರೆ ಭಾನುವಾರ ಸಂಜೆ ಊಟ ಮುಗಿಸಿ, ಆರು ಜನ ಹತ್ತಿ, ಸೋಮವಾರದ ಕೆಲಸಕ್ಕೆ ಮುಟ್ಟಬೇಕು ಅನ್ನುವ ದಿನವೂ ಬರುತ್ತದೆ ಅಲ್ವಾ? ಆ ದಿನಕ್ಕೆ ಯಾವ ವಿಮಾನ ಬೇಕು ಅಂತ ಯೋಚಿಸಿ.

ಲಾಕ್ ಹೇವನ್

ಟ್ವಿನ್ ಕಮಾಂಚಿ ಇಟ್ಟುಕೊಂಡವನು ನಾನು. ಇಷ್ಟು ಕಡಿಮೆ ಕುಡಿದು ಇಷ್ಟು ಓಡುವ ಹಳೆಯ ಟ್ವಿನ್ ಇನ್ನೊಂದಿಲ್ಲ. 160 ಅಶ್ವಶಕ್ತಿಯ ಎರಡು ಲೈಕಮಿಂಗ್ ಐಒ-320. ಎರಡೂ ಸೇರಿ ಗಂಟೆಗೆ 16, 17 ಗ್ಯಾಲನ್‌ನಲ್ಲಿ ಸುಮಾರು 160 ನಾಟ್. ಟೆಕ್ಸಾಸ್ ಬಯಲಿನಲ್ಲಿ ಇಬ್ಬರು ಮೂವರು ಓಡಾಡಲು ಇದನ್ನು ಮೀರಿಸಿದ್ದು ನಾನು ಕಂಡಿಲ್ಲ.

ಮೊದಲ ವರ್ಷಗಳಲ್ಲಿ ಇದಕ್ಕೆ ಕೆಟ್ಟ ಹೆಸರು ಬಂತು. ತರಬೇತಿಯಲ್ಲಿ ತೀರಾ ಕೆಳಗೆ, ತೀರಾ ನಿಧಾನದಲ್ಲಿ ಒಂದು ಇಂಜಿನ್ ನಿಲ್ಲಿಸಿ ಅಭ್ಯಾಸ ಮಾಡಿಸುತ್ತಿದ್ದರು. ಅದರಿಂದ ಅಪಘಾತಗಳಾದವು. ಆಮೇಲೆ ವಿಎಂಸಿ ವೇಗವನ್ನು (ಒಂದು ಇಂಜಿನ್ ನಿಂತಾಗ ವಿಮಾನ ಹಿಡಿತದಲ್ಲಿರುವ ಕನಿಷ್ಠ ವೇಗ) ಗಂಟೆಗೆ 80 ಮೈಲಿಯಿಂದ 90 ಮೈಲಿಗೆ ಏರಿಸಿದರು, ಕಲಿಸುವ ಕ್ರಮವೂ ಬದಲಾಯಿತು. ಎದುರು ಬದುರು ತಿರುಗುವ ಪ್ರೊಪೆಲರ್ ಇರುವ ಪಿಎ-39 ಕೂಡ ಬಂತು. ಆದರೆ 1972ರಲ್ಲಿ ಆಗ್ನೆಸ್ ಚಂಡಮಾರುತದ ನೆರೆ ಪೆನ್ಸಿಲ್ವೇನಿಯಾದ ಲಾಕ್ ಹೇವನ್‌ನಲ್ಲಿದ್ದ ಪೈಪರ್ ಕಾರ್ಖಾನೆಗೆ ನುಗ್ಗಿತು. ವಿಮಾನ ಕಟ್ಟುವ ಅಚ್ಚುಗಳೆಲ್ಲ ಹಾಳಾದವು, ತಯಾರಿಕೆ ನಿಂತಿತು. ಹಾಗಾಗಿ ನೀವು ಕೊಳ್ಳುವ ಟ್ವಿನ್ ಕಮಾಂಚಿ ಎಷ್ಟೇ ಹೊಸದಾದರೂ 50 ವರ್ಷ ದಾಟಿದ್ದು. ಬಿಡಿಭಾಗಗಳಿಗೆ ಇಂಟರ್‌ನ್ಯಾಷನಲ್ ಕಮಾಂಚಿ ಸೊಸೈಟಿಯ ಸಂಪರ್ಕ ಇದ್ದರೆ ಬದುಕು ಸುಲಭ.

ಆದರೆ ನಿಮ್ಮ ಆರು ಜನಕ್ಕೆ ಇದು ಆಗುವುದಿಲ್ಲ ಸರ್. ಹೊರುವ ತೂಕ ಸುಮಾರು 1,300 ಪೌಂಡ್. ರೆಕ್ಕೆ ತುದಿಯ ಟಿಪ್ ಟ್ಯಾಂಕ್ ಸೇರಿ 120 ಗ್ಯಾಲನ್ ತುಂಬಿದರೆ ಇಂಧನವೇ 720. ನಾಲ್ವರಿಗೆ ಸರಿ, ಅಪ್ಪ ಅಮ್ಮನಿಗೆ ಜಾಗ ಇಲ್ಲ. ನನ್ನ ಇಷ್ಟದ ವಿಮಾನವಾದರೂ ಬೇಡ ಅಂತಲೇ ಹೇಳುತ್ತೇನೆ.

ಸ್ಪ್ಯಾನರ್ ಕೈ

ಉಳಿದವುಗಳ ತೂಕ ನಾನು ಹೇಳುತ್ತೇನೆ. ಇಂಧನ ಗ್ಯಾಲನ್‌ಗೆ 6 ಪೌಂಡ್.

ಬಿ55 ಬ್ಯಾರನ್: ಗರಿಷ್ಠ 5,100 ಪೌಂಡ್. ಖಾಲಿ ತೂಕ ಒಂದೊಂದರದ್ದು ಒಂದೊಂದು, 3,400 ಅಂತ ಇಟ್ಟುಕೊಳ್ಳಿ. ಉಳಿಯುವುದು 1,700. ಆರು ಜನ ಹತ್ತಿದರೂ 130 ಗ್ಯಾಲನ್ ತುಂಬಬಹುದು. ಕಾಗದದಲ್ಲಿ ಭರ್ಜರಿ. ಆದರೆ ಹಿಂದಿನ ಎರಡು ಸೀಟು ತೀರಾ ಇಕ್ಕಟ್ಟು, ಅಲ್ಲಿ ದೊಡ್ಡವರು ಕೂತರೆ ತೂಕದ ಮಧ್ಯಬಿಂದು ಹಿಂದಿನ ಮಿತಿ ದಾಟಲು ಹೊರಡುತ್ತದೆ. ಆರು ಜನಕ್ಕೆ ಅಂತಲೇ ಉದ್ದ ಮಾಡಿದ್ದು ಬ್ಯಾರನ್ 58. ಹಿಂದೆ ಎರಡು ಬಾಗಿಲು, ಎದುರು ಬದುರು ಸೀಟು. ಅದರ ಬೆಲೆಯೇ ಬೇರೆ.

ಬ್ಯಾರನ್‌ನ ಇನ್ನೊಂದು ವಿಷಯ. 1984ಕ್ಕಿಂತ ಹಳೆಯವುಗಳಲ್ಲಿ ಥ್ರಾಟಲ್ (ಇಂಜಿನ್ ಬಲ ಹೆಚ್ಚು ಕಡಿಮೆ ಮಾಡುವ ಲಿವರ್) ಮಧ್ಯದಲ್ಲಿ, ಪ್ರೊಪೆಲರ್ ಲಿವರ್ ಎಡಕ್ಕೆ. ಗೇರ್ (ಇಳಿಯುವ ಚಕ್ರಗಳು) ಮತ್ತು ಫ್ಲಾಪ್ (ರೆಕ್ಕೆಯ ಹಿಂದಿನ ಮಡಚು ಪಟ್ಟಿ) ಸ್ವಿಚ್ಚುಗಳೂ ಬೇರೆ ವಿಮಾನಗಳಿಗೆ ಅದಲು ಬದಲು. ಇಳಿದ ಮೇಲೆ ಫ್ಲಾಪ್ ಎತ್ತುತ್ತೇನೆ ಅಂತ ಗೇರ್ ಎತ್ತಿದವರಿದ್ದಾರೆ. ಬೇರೆ ವಿಮಾನದ ಅಭ್ಯಾಸ ಇರುವವರು ಹುಷಾರು.

ಸೆನೆಕಾ 2: ಗರಿಷ್ಠ 4,570. ಇಲ್ಲಿ ಮಾರುವವರು ಹೇಳದ ಒಂದು ಮಿತಿ ಇದೆ. ಇಂಧನ ಬಿಟ್ಟು ವಿಮಾನ, ಜನ, ಲಗೇಜ್ ಸೇರಿ 4,000 ಪೌಂಡ್ ದಾಟುವಂತಿಲ್ಲ. ಮೇಲಿನದೆಲ್ಲ ಇಂಧನವೇ ಆಗಿರಬೇಕು. ಖಾಲಿ ತೂಕ 2,950 ಇದ್ದರೆ ಒಳಗೆ 1,050 ಸಿಗುತ್ತದೆ. ನಿಮ್ಮ 910 ಸರಿಹೋಯಿತು. ಆದರೆ ಆಗ ಇಂಧನ ಸುಮಾರು 118 ಗ್ಯಾಲನ್ ಹಿಡಿಯುತ್ತದೆ ಅಂತ ಖುಷಿಪಡುವ ಮೊದಲು ಟ್ಯಾಂಕ್ ನೋಡಿ. ಮಾಮೂಲಿ ಟ್ಯಾಂಕ್‌ನಲ್ಲಿ ಬಳಸಲು ಸಿಗುವುದು 93 ಗ್ಯಾಲನ್, ದೊಡ್ಡದರಲ್ಲಿ 123. ಡೆನ್ವರ್ 560 ನಾಟಿಕಲ್ ಮೈಲಿ, ಗಂಟೆಗೆ 23 ಗ್ಯಾಲನ್, ಗಾಳಿ ಎದುರು ಬಂದರೆ 93 ಸಾಲದು. ದೊಡ್ಡ ಟ್ಯಾಂಕ್ ಇರುವುದನ್ನೇ ಹುಡುಕಿ, ಇಲ್ಲದಿದ್ದರೆ ಅಮರಿಲೊದಲ್ಲಿ ಇಳಿದು ತುಂಬಿಸಿ. ವಯಸ್ಸಾದವರಿಗೆ ಹಿಂದಿನ ದೊಡ್ಡ ಬಾಗಿಲು ದೊಡ್ಡ ಅನುಕೂಲ. ಬ್ಯಾರನ್ ಬಿ55ರಲ್ಲಿ ಎಲ್ಲರೂ ರೆಕ್ಕೆ ಹತ್ತಿಯೇ ಒಳಗೆ ಹೋಗಬೇಕು.

ಸೆಸ್ನಾ 310 ಒಳ್ಳೆಯ ವಿಮಾನ, ಆದರೆ ಗೇರ್‌ನ ಜೋಡಣೆ ಬಲ್ಲ ಮೆಕ್ಯಾನಿಕ್ ಬೇಕು. ಇಂಧನದ ವ್ಯವಸ್ಥೆಯೂ ಸ್ವಲ್ಪ ತೊಡಕು. ರೆಕ್ಕೆ ತುದಿಯ ಟ್ಯಾಂಕೇ ಮುಖ್ಯ ಟ್ಯಾಂಕ್. ಇಂಜಿನ್ ಬಳಸದೆ ಉಳಿಸಿದ್ದು ಅಲ್ಲಿಗೇ ವಾಪಸ್ ಬರುತ್ತದೆ. ಮೊದಲು ಅದನ್ನು ಒಂದಷ್ಟು ಖಾಲಿ ಮಾಡದೆ ಆಕ್ಸಿಲರಿ ಟ್ಯಾಂಕಿಗೆ ಹೋದರೆ, ವಾಪಸ್ ಬಂದ ಇಂಧನ ಹೊರಗೆ ಚೆಲ್ಲಿಹೋಗುತ್ತದೆ.

ಸ್ಯಾನ್ ಹೊಸೆ ಹುಡುಗಿ

ಇಂಧನದ ಭವಿಷ್ಯವನ್ನೂ ಯೋಚಿಸಿ ಸರ್. ನಮ್ಮ ರೀಡ್-ಹಿಲ್‌ವ್ಯೂ ನಿಲ್ದಾಣದಲ್ಲಿ 2022ರ ಜನವರಿಯಿಂದ ಸೀಸ ಬೆರೆತ 100ಎಲ್‌ಎಲ್ (ಇಂಥ ವಿಮಾನಗಳ ಮಾಮೂಲಿ ಪೆಟ್ರೋಲ್) ಮಾರಾಟವನ್ನೇ ನಿಲ್ಲಿಸಿದರು. ಸುತ್ತಲಿನ ಮಕ್ಕಳ ಆರೋಗ್ಯದ ಪ್ರಶ್ನೆ ಅದು, ನನಗೆ ಅದು ಸರಿ ಅಂತಲೇ ಅನಿಸುತ್ತದೆ. ಇಡೀ ಕ್ಯಾಲಿಫೋರ್ನಿಯಾದಲ್ಲಿ 2031ರಿಂದ ಮಾರುವಂತಿಲ್ಲ ಅಂತ 2024ರಲ್ಲಿ ಕಾನೂನು ಬಂತು. ನಿಮ್ಮ ಪಟ್ಟಿಯಲ್ಲಿರುವ ದೊಡ್ಡ ಕಾಂಟಿನೆಂಟಲ್‌ಗಳಿಗೆ ಸೀಸ ಇಲ್ಲದ 94 ಆಕ್ಟೇನ್ ಇಂಧನ ಸಾಲದು. ಸೀಸ ಇಲ್ಲದ 100 ಆಕ್ಟೇನ್‌ನ ಜಿ100ಯುಎಲ್‌ಗೆ 2022ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ಒಪ್ಪಿಗೆ ಸಿಕ್ಕಿದೆ, ಆದರೆ ಎಲ್ಲ ಕಡೆ ಸಿಗುವುದಿಲ್ಲ.

ಡೈಮಂಡ್ ಡಿಎ42 ಯಾಕೆ ನೋಡುತ್ತಿಲ್ಲ? ಜೆಟ್ ಇಂಧನದಲ್ಲೇ ಓಡುತ್ತದೆ.

ಸ್ಪ್ಯಾನರ್ ಕೈ

ಡಿಎ42 ನಾಲ್ಕೇ ಸೀಟು ಮೇಡಂ. ಕಡಿಮೆ ಬೆಲೆಗೆ ಕಾಣುವವು ಸಾಮಾನ್ಯವಾಗಿ ಥೀಲರ್ಟ್ ಇಂಜಿನ್‌ನವು. ಆ ಕಂಪನಿ 2008ರಲ್ಲಿ ದಿವಾಳಿಯಾಗಿ ಮಾಲೀಕರು ಬಹಳ ಒದ್ದಾಡಿದರು. 2009ರಿಂದ ಬಂದ ಆಸ್ಟ್ರೊ ಇಂಜಿನ್‌ನ ಎನ್‌ಜಿ ಮಾಡೆಲ್ ಚೆನ್ನಾಗಿದೆ, ಆದರೆ ಅದು ಈ ಬಜೆಟ್ ಅಲ್ಲ. ಯಾರಾದರೂ ಕೊಳ್ಳುವವರಿದ್ದರೆ ಒಂದು ಘಟನೆ ತಿಳಿದಿರಲಿ. 2007ರಲ್ಲಿ ಜರ್ಮನಿಯ ಸ್ಪೈಯರ್‌ನಲ್ಲಿ ಬ್ಯಾಟರಿ ಸತ್ತಿದ್ದ ಡಿಎ42ವನ್ನು ಹೊರಗಿನ ಕರೆಂಟ್‌ನಲ್ಲಿ ಸ್ಟಾರ್ಟ್ ಮಾಡಿ ಹೊರಟರು. ಗೇರ್ ಎತ್ತಿದಾಗ ವೋಲ್ಟೇಜ್ ಕುಸಿದು, ಇಂಜಿನ್ ನಡೆಸುವ ಕಂಪ್ಯೂಟರುಗಳು ನಿಂತು, ಎರಡೂ ಇಂಜಿನ್ ಒಟ್ಟಿಗೆ ಹೋದವು. ಆಮೇಲೆ ಬದಲಾವಣೆ ಮಾಡಿದ್ದಾರೆ. ಎಲೆಕ್ಟ್ರಾನಿಕ್ ಇಂಜಿನ್‌ನಲ್ಲಿ ಬ್ಯಾಟರಿಯೂ ಇಂಜಿನ್‌ನ ಭಾಗವೇ.

ವೀಸಾದಲ್ಲಿರುವವ

ನಡುವೆ ಒಂದು ಪ್ರಶ್ನೆ. ನಾನು ಎಚ್1ಬಿಯಲ್ಲಿದ್ದೇನೆ. ನಾನೂ ಪಾಲು ಹಾಕಿ ಕೊಳ್ಳಬಹುದಾ?

ನೀಲಿ ಗೆರೆ

ವಿಮಾನಕ್ಕೆ ಅಮೆರಿಕದ ಎನ್ ನಂಬರ್ ರಿಜಿಸ್ಟ್ರೇಷನ್ ನೇರವಾಗಿ ನಿಮ್ಮ ಹೆಸರಿಗೆ ಆಗುವುದಿಲ್ಲ. ಅದಕ್ಕೆ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ಉಳಿದವರು ಟ್ರಸ್ಟ್ ಮೂಲಕ ಮಾಡಿಸುತ್ತಾರೆ. ಅದಕ್ಕೆ ವಿಮಾನದ ಕಾಗದ ಪತ್ರ ಬಲ್ಲ ವಕೀಲರನ್ನೇ ಹಿಡಿಯಿರಿ. ಇನ್ನೊಂದು, ಪೌರತ್ವ ಇಲ್ಲದವರು, ಗ್ರೀನ್ ಕಾರ್ಡ್ ಇದ್ದವರೂ, ಟ್ವಿನ್ ರೇಟಿಂಗ್ ಕಲಿಯುವ ಮೊದಲು ಸಾರಿಗೆ ಭದ್ರತಾ ಇಲಾಖೆಯಾದ ಟಿಎಸ್‌ಎಯ ಒಪ್ಪಿಗೆ ಪಡೆಯಬೇಕು. ಪಾಠ ಶುರು ಮಾಡಿಬಿಟ್ಟು ಆಮೇಲೆ ಅರ್ಜಿ ಹಾಕುವ ಹಾಗಿಲ್ಲ.

ಜಕ್ಕೂರಿನಿಂದ

ಬೆಂಗಳೂರಿನಿಂದ ಓದುತ್ತಿದ್ದೇನೆ. ಇಲ್ಲಿ ಇಂಥದ್ದೊಂದು ಇಟ್ಟುಕೊಳ್ಳುವುದಾದರೆ ಮೊದಲ ಪ್ರಶ್ನೆಯೇ ಇಂಧನ. ಏವ್‌ಗ್ಯಾಸ್, ಅಂದರೆ ವಿಮಾನದ ಪೆಟ್ರೋಲ್, ಬಹಳ ಕಾಲ ಹೊರದೇಶದಿಂದಲೇ ಬರಬೇಕಿತ್ತು. 2022ರಲ್ಲಿ ಇಂಡಿಯನ್ ಆಯಿಲ್ ಇಲ್ಲೇ ತಯಾರಿಸಿ ಬಿಡುಗಡೆ ಮಾಡಿತು. ಆದರೂ ಎಲ್ಲ ನಿಲ್ದಾಣದಲ್ಲಿ ಸಿಗುವ ಮಾತಿಲ್ಲ. ಇಲ್ಲಿನ ತರಬೇತಿ ಶಾಲೆಗಳಲ್ಲಿ ಡಿಎ42 ಕಾಣುವುದಕ್ಕೆ ಅದೂ ಒಂದು ಕಾರಣ. ಇನ್ನು ಜಕ್ಕೂರಿನ ರನ್‌ವೇ ಪಕ್ಕದಲ್ಲೇ ಬಳ್ಳಾರಿ ರಸ್ತೆಯ ಮೇಲ್ಸೇತುವೆ ಬಂದು ವಿಮಾನಗಳಿಗೆ ಆದ ತೊಂದರೆ ನೆನೆದರೆ ಈಗಲೂ ಬೇಸರವಾಗುತ್ತದೆ. ನೀವು ಅಲ್ಲಿ ಸುಖವಾಗಿ ಹಾರಿ.

ಪ್ಲೇನೋವಾಸಿ

ಎಲ್ಲರಿಗೂ ಧನ್ಯವಾದ. ಮನೆಯಲ್ಲಿ ಕೂತು ಮಾತಾಡಿದೆವು. ಬ್ಯಾರನ್ ಆಸೆ ಬಿಟ್ಟು ಸೆನೆಕಾ 2 ಕಡೆ ತಿರುಗಿದ್ದೇನೆ. ಡೆನ್ವರ್‌ನ ಲೆಕ್ಕವೇ ಅದಕ್ಕೆ ಕಾರಣ. ಒಕ್ಲಹೋಮಾದಲ್ಲಿ ಒಂದು, ಕ್ಯಾನ್ಸಸ್‌ನಲ್ಲಿ ಒಂದು ಇದೆ. ಮೊದಲನೆಯದಕ್ಕೆ ಹೊಸ ಬಣ್ಣ, ಹೊಸ ಸೀಟು, ಒಳ್ಳೆಯ ಗ್ಲಾಸ್ ಪ್ಯಾನೆಲ್ (ಡಿಜಿಟಲ್ ಪರದೆಗಳು). ಎರಡನೆಯದು ನೋಡಲು ಮಂಕು, ಬೆಲೆ ಹೆಚ್ಚುಕಡಿಮೆ ಅಷ್ಟೇ. ಕೊಳ್ಳುವ ಮುಂಚಿನ ಪ್ರೀ-ಬೈ ತಪಾಸಣೆಯಲ್ಲಿ ಏನೇನು ನೋಡಿಸಲಿ?

ಸ್ಪ್ಯಾನರ್ ಕೈ

ಬಣ್ಣ ನೋಡಬೇಡಿ, ಲಾಗ್‌ಬುಕ್ ನೋಡಿ. ಮೊದಲ ದಿನದಿಂದ ಇವತ್ತಿನವರೆಗೆ ಪೂರ್ತಿ ಇದೆಯಾ? ಕೊನೆಯ ಮೂರು ವರ್ಷ ವಿಮಾನ ಹಾರಿದೆಯಾ, ಸುಮ್ನೆ ನಿಂತಿತ್ತಾ? ನಿಂತ ಇಂಜಿನ್‌ನ ಒಳಗೆ ತುಕ್ಕು ಕೂರುತ್ತದೆ. ಓವರ್‌ಹಾಲ್ ಆಗಿ 300 ಗಂಟೆ ಅಷ್ಟೇ ಅಂತ ಜಾಹೀರಾತಿನಲ್ಲಿ ಇರುತ್ತದೆ, ಆ ಓವರ್‌ಹಾಲ್ 20 ವರ್ಷದ ಹಿಂದಿನದ್ದಾಗಿರುತ್ತದೆ. ವಾರ ವಾರ ಹಾರುತ್ತಿರುವ 1,200 ಗಂಟೆಯ ಇಂಜಿನ್ ಅದಕ್ಕಿಂತ ಮೇಲು.

ಎಫ್‌ಎಎಯಿಂದ ಫಾರ್ಮ್ 337ಗಳ ಪೂರ್ತಿ ಕಡತ ತರಿಸಿ. ದೊಡ್ಡ ರಿಪೇರಿ, ಮಾರ್ಪಾಡು ಎಲ್ಲ ಅದರಲ್ಲಿ ಇರುತ್ತವೆ. ಲಾಗ್‌ಬುಕ್‌ನಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ ಅಪಘಾತ ಅಲ್ಲಿ ಬಿಡಿಸಿ ಬರೆದಿರುತ್ತದೆ. ಸಾಲ ಬಾಕಿ ಇದೆಯಾ ಅಂತ ಟೈಟಲ್ ಸರ್ಚ್ ಮಾಡಿಸಿ. ಇದು ಅಗ್ಗದ ಕೆಲಸ, ಬಿಡಲೇಬೇಡಿ.

ಸೆನೆಕಾ 2ರ ಟಿಎಸ್‌ಐಒ-360 ಇಂಜಿನ್‌ನಲ್ಲಿ ಸಿಲಿಂಡರ್ ಬಿರುಕು ಮುಖ್ಯ. ಪ್ರತಿ ಸಿಲಿಂಡರ್‌ಗೂ ಕಂಪ್ರೆಷನ್ ಪರೀಕ್ಷೆ, ಬೋರೊಸ್ಕೋಪ್ (ಒಳಗೆ ಇಳಿಸುವ ಸಣ್ಣ ಕ್ಯಾಮೆರಾ) ಹಾಕಿ ವಾಲ್ವ್‌ಗಳ ಫೋಟೊ. ಆಯಿಲ್ ಫಿಲ್ಟರ್ ಕತ್ತರಿಸಿ ಲೋಹದ ಚೂರು ಇದೆಯಾ ನೋಡಬೇಕು. ಟರ್ಬೊ ಮತ್ತು ಎಕ್ಸಾಸ್ಟ್ ಪೈಪಿನ ಬೆಸುಗೆಗಳನ್ನು ಕನ್ನಡಿ ಹಿಡಿದು ನೋಡಬೇಕು. ಟರ್ಬೊದ ಒತ್ತಡ ಹತೋಟಿಯಲ್ಲಿಡುವುದು ವೇಸ್ಟ್‌ಗೇಟ್, ಆದರೆ ಕಂಪನಿ ಕೊಟ್ಟದ್ದು ತಾನಾಗಿ ಹೊಂದಿಕೊಳ್ಳುವುದಿಲ್ಲ. ಥ್ರಾಟಲ್ ಪೂರ್ತಿ ಒತ್ತಿದರೆ ಒತ್ತಡ ಮಿತಿ ಮೀರಿ ಇಂಜಿನ್ ಹಾಳಾಗುತ್ತದೆ. ತಾನಾಗಿ ಹೊಂದಿಕೊಳ್ಳುವ ವೇಸ್ಟ್‌ಗೇಟ್ ಮತ್ತು ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಹಾಕಿಸಿದ್ದು ಸಿಕ್ಕರೆ ಅದಕ್ಕೆ ಜಾಸ್ತಿ ಹಣ ಕೊಡಿ, ತಪ್ಪಿಲ್ಲ.

ಹೀಟರ್‌ಗೆ ಒತ್ತಡದ ಪರೀಕ್ಷೆ ಆಗಿದೆಯಾ ಕೇಳಿ. ಅದು ಸೋರಿದರೆ ಕ್ಯಾಬಿನ್‌ಗೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ರೆಕ್ಕೆ ಅಂಚಿನ ಹಿಮ ಒಡೆಯುವ ರಬ್ಬರ್ ಪಟ್ಟಿ, ಡಿ-ಐಸ್ ಬೂಟ್, ಇದೆ ಅಂದ ಮಾತ್ರಕ್ಕೆ ಹಿಮಗಟ್ಟುವ ಮೋಡಕ್ಕೆ ನುಗ್ಗಲು ಅನುಮತಿ ಇದೆ ಅಂತಲ್ಲ. ವಿಮಾನದ ಕೈಪಿಡಿಯಲ್ಲಿ ಹಾಗೆ ಬರೆದಿರಬೇಕು.

ಕೊನೆಯದಾಗಿ, ಮಾರುವವರ ಮೆಕ್ಯಾನಿಕ್ ಬೇಡ. ಸೆನೆಕಾ ಬಲ್ಲ, ಆ ವಿಮಾನವನ್ನು ಹಿಂದೆ ಮುಟ್ಟಿಲ್ಲದ ಒಬ್ಬರನ್ನು ನೀವೇ ಹಿಡಿಯಿರಿ.

ಪ್ಲೇನೋವಾಸಿ

ಎರಡೂ ತಪಾಸಣೆ ಮುಗಿಯಿತು. ಹೊಸ ಬಣ್ಣದ್ದರ ಬಲ ಇಂಜಿನ್‌ನಲ್ಲಿ ಎರಡು ಸಿಲಿಂಡರ್ ಬಿರುಕು, ಎಕ್ಸಾಸ್ಟ್‌ನಲ್ಲಿ ಸೋರಿಕೆ, ನಡುವಿನ ಕೆಲವು ವರ್ಷಗಳ ಲಾಗ್‌ಬುಕ್ ಇಲ್ಲ. ಮಾರುವವರು ಬೆಲೆ ಇಳಿಸುತ್ತೇವೆ ಅಂದರು, ನಾನು ಬೇಡ ಅಂದೆ. ಕ್ಯಾನ್ಸಸ್‌ನದ್ದಕ್ಕೆ 123 ಗ್ಯಾಲನ್ ಟ್ಯಾಂಕ್, ಇಂಟರ್‌ಕೂಲರ್, ಹೊಸ ವೇಸ್ಟ್‌ಗೇಟ್ ಎಲ್ಲ ಇವೆ. ಇಂಜಿನ್‌ಗಳು ಹಳೆಯವಾದರೂ ತಪ್ಪದೆ ಹಾರಿವೆ. ಹೀಟರ್ ಪರೀಕ್ಷೆಯಲ್ಲಿ ಸೋತಿತು, ಅದರ ಖರ್ಚನ್ನು ಬೆಲೆಯಲ್ಲಿ ಕಳೆದುಕೊಟ್ಟರು. ಮುಂಗಡ ಕೊಟ್ಟಿದ್ದೇನೆ.

ಇನ್ಶೂರೆನ್ಸ್‌ನವರು ಒಬ್ಬನೇ ಓಡಿಸುವ ಮೊದಲು ಇದೇ ಮಾಡೆಲ್‌ನಲ್ಲಿ ಇನ್‌ಸ್ಟ್ರಕ್ಟರ್ ಜೊತೆ ಇಷ್ಟು ಗಂಟೆ ಹಾರಲೇಬೇಕು ಅಂತ ಷರತ್ತು ಹಾಕಿದ್ದಾರೆ. "ನೀಲಿ ಗೆರೆ" ಅವರೇ, ನೀವು ಕಲಿಸುತ್ತೀರಾ?

ನೀಲಿ ಗೆರೆ

ಖಂಡಿತ. ರೇಟಿಂಗ್‌ಗೆ ಎಫ್‌ಎಎ ಇಷ್ಟೇ ಗಂಟೆ ಅಂತ ಹೇಳಿಲ್ಲ, ಪ್ರತ್ಯೇಕ ಲಿಖಿತ ಪರೀಕ್ಷೆಯೂ ಇಲ್ಲ. ಅದಕ್ಕೇ ಕೆಲವರು ವಾರಾಂತ್ಯದಲ್ಲಿ ಮುಗಿಸಿಬಿಡುತ್ತಾರೆ. ನಾವು ಹಾಗೆ ಮಾಡುವುದು ಬೇಡ. ವಿಎಂಸಿ 66 ನಾಟ್, ನೀಲಿ ಗೆರೆ (ಒಂದೇ ಇಂಜಿನ್‌ನಲ್ಲಿ ಚೆನ್ನಾಗಿ ಏರುವ ವೇಗದ ಗುರುತು) 89 ನಾಟ್, ಈ ಎರಡು ಅಂಕಿ ನಿದ್ದೆಯಲ್ಲಿ ಕೇಳಿದರೂ ಬಾಯಿಗೆ ಬರಬೇಕು. ಇಂಜಿನ್ ನಿಲ್ಲಿಸುವ ಅಭ್ಯಾಸವೆಲ್ಲ ಎತ್ತರದಲ್ಲೇ, ನೆಲದ ಹತ್ತಿರದ್ದನ್ನು ಸಿಮ್ಯುಲೇಟರ್‌ನಲ್ಲಿ ಮಾಡೋಣ. ಆಮೇಲೆ ಅಪ್ಪ ಅಮ್ಮನ ತೂಕಕ್ಕೆ ಸಮನಾಗಿ ಮರಳಿನ ಚೀಲ ಕಟ್ಟಿಕೊಂಡು ಅಮರಿಲೊಗೆ, ಅಲ್ಲಿಂದ ಸೆಂಟೆನಿಯಲ್‌ಗೆ ಹೋಗಿ ಬರೋಣ. ಪ್ರತಿ ಟೇಕ್‌ಆಫ್‌ಗೂ ಮುಂಚೆ ಇಲ್ಲಿ ಇಂಜಿನ್ ಹೋದರೆ ಏರುತ್ತೇನೋ ಇಳಿಯುತ್ತೇನೋ ಅಂತ ಪುಸ್ತಕ ನೋಡಿ ನೀವೇ ಬಾಯಿಬಿಟ್ಟು ಹೇಳಬೇಕು. ಆರು ತಿಂಗಳಿಗೊಮ್ಮೆ ಮತ್ತೆ ನನ್ನ ಜೊತೆ ಕೂರಬೇಕು, ಇನ್ಶೂರೆನ್ಸ್‌ನವರು ಕೇಳಲಿ ಬಿಡಲಿ.

ಪ್ಲೇನೋವಾಸಿ

ಒಪ್ಪಿದೆ ಸರ್. ಮನೆಯವಳೂ ಹಿಂದಿನ ಸೀಟಿನಲ್ಲಿ ಕೂತು ಪಾಠ ನೋಡಬೇಕು ಅನ್ನುತ್ತಿದ್ದಾಳೆ. ಕಾಗದ ಪತ್ರ ಮುಗಿದ ಕೂಡಲೇ ಕ್ಯಾನ್ಸಸ್‌ನಿಂದ ತರಲು ನೀವೂ ಜೊತೆಗೆ ಬನ್ನಿ, ಆ ಗಂಟೆಗಳೂ ತರಬೇತಿಗೆ ಸೇರಲಿ.

ಸ್ಪ್ಯಾನರ್ ಕೈ

ಹೊರಡುವ ಮೊದಲು ಹೀಟರ್‌ನ ಸರ್ಕ್ಯೂಟ್ ಬ್ರೇಕರ್ ಎಳೆದು, "ಬಳಸಬೇಡಿ" ಅಂತ ಚೀಟಿ ಅಂಟಿಸಿ, ಲಾಗ್‌ಬುಕ್‌ನಲ್ಲಿ ಬರೆಸಿಕೊಳ್ಳಿ. ಸ್ವೆಟರ್ ತಗೊಂಡು ಹೋಗಿ. ಬಂದ ಮೇಲೆ ಹೀಟರ್ ಬಿಚ್ಚುವ ಕೆಲಸ ನನಗಿರಲಿ.